ಅಮ್ಮನ ಮಂಡಿ, ವಿಯೆಲಿಚ್ಕಾದ ಉಪ್ಪು

ಅಮ್ಮ ಹಾಸನದಿಂದ ಮೂರು ತಿಂಗಳಿಗೆಂದು ಪೋಲೆಂಡಿನ ಕ್ರಾಕುವ್‌ಗೆ, ನಮ್ಮನೆಗೆ ಬಂದಿದ್ದಳು. ಎರಡೇ ವಾರಕ್ಕೆ, "ಚರ್ಚು ನೋಡಿದ್ದು ಸಾಕು ಕಣೇ, ಎಲ್ಲಾ ಒಂದೇ ಥರ ಕಾಣ್ತವೆ" ಅಂದುಬಿಟ್ಟಳು. ಹಾಗಾಗಿ ಹತ್ತಿರದ ವಿಯೆಲಿಚ್ಕಾ ಊರಿನ ಉಪ್ಪಿನ ಗಣಿ ತೋರಿಸ್ತೀನಿ ಅಂತ ಹೊರಡಿಸಿದೆ. ಒಳಗೆ ಇನ್ನೊಂದು ಚರ್ಚು ಕಾದಿದೆ ಅನ್ನೋದನ್ನು ಬಾಯಿ ಬಿಡಲಿಲ್ಲ.

ನನಗಿದ್ದ ಚಿಂತೆ ಅವಳ ಮಂಡಿಯದು. ಗಣಿಯೊಳಗಿನ ದಾರಿ ಸುಮಾರು ಮೂರೂವರೆ ಕಿಲೋಮೀಟರ್. ಒಟ್ಟು 800 ಮೆಟ್ಟಿಲು. ಅದರಲ್ಲಿ 380 ಶುರುವಿನಲ್ಲೇ, ಒಂದೇ ಸಮ ಇಳಿಯಬೇಕು. ವಾಪಸ್ ಬರಲು ಲಿಫ್ಟ್ ಇದೆ ಎಂದು ಓದಿ ಸಮಾಧಾನ ಮಾಡಿಕೊಂಡೆ. ಹತ್ತೋದು ತಾನೇ ಕಷ್ಟ, ಇಳಿಯೋದೇನು ಅಂದುಕೊಂಡೆ. ಇದು ನನ್ನ ತಪ್ಪು ಲೆಕ್ಕ. ಮಂಡಿ ನೋವಿರುವವರನ್ನು ಕೇಳಿ ನೋಡಿ, ಇಳಿಯೋದೇ ಜಾಸ್ತಿ ಕಷ್ಟ ಅಂತಾರೆ. ಗಾಲಿಕುರ್ಚಿಯವರನ್ನು ಲಿಫ್ಟಿನಲ್ಲೇ ಇಳಿಸುವ ಬೇರೆ ವ್ಯವಸ್ಥೆಯೂ ಇದೆ. ಅದನ್ನು ಮೊದಲೇ ಹೇಳಿ ಗೊತ್ತು ಮಾಡಿಕೊಳ್ಳಬೇಕು. ನಾನು ವಿಚಾರಿಸಲೇ ಇಲ್ಲ.

ಟಿಕೆಟನ್ನು ಆನ್‌ಲೈನಿನಲ್ಲಿ ತೆಗೆದುಕೊಂಡೆ. ಸಮಯ, ಗೈಡ್ ಮಾತಾಡುವ ಭಾಷೆ ಎರಡನ್ನೂ ಆರಿಸಬೇಕು. ಗೈಡ್ ಇಲ್ಲದೆ ಒಳಗೆ ಬಿಡೋದಿಲ್ಲ. ಜನ ಕಡಿಮೆ ಇರಲಿ ಅಂತ ಅಕ್ಟೋಬರಿನ ಒಂದು ಮಂಗಳವಾರ, ಬೆಳಗಿನ ಸರದಿ. ಕ್ರಾಕುವ್‌ನ ದೊಡ್ಡ ಸ್ಟೇಷನ್ನಿನಿಂದ ಲೋಕಲ್ ರೈಲು ಹಿಡಿದು 'ವಿಯೆಲಿಚ್ಕಾ ರಿನೆಕ್ ಕೊಪಾಲ್ನ್ಯಾ'ದಲ್ಲಿ ಇಳಿದರೆ ಗಣಿ ನಡೆಯುವಷ್ಟು ಹತ್ತಿರ. ಅರ್ಧ ಗಂಟೆಯೂ ಹಿಡಿಯಲ್ಲ. ಬುತ್ತಿಗೆ ಪುಳಿಯೋಗರೆ ಕಟ್ಟಿಕೊಂಡಿದ್ದೆವು. ಇಲ್ಲಿಯ ಆಲೂಗಡ್ಡೆ ಪಿಯೆರೋಗಿ (ನಮ್ಮ ಕಡುಬಿನಂಥದ್ದು) ಸಸ್ಯಾಹಾರ ಅಂತ ನಂಬಿ ಕೂತರೆ ಮೇಲೆ ಹಂದಿಕೊಬ್ಬಿನ ಚೂರು ಉದುರಿಸಿ ಕೊಡುವುದುಂಟು, ಕೇಳಿಯೇ ತಿನ್ನಬೇಕು.

ಮೆಟ್ಟಿಲು ಮರದವು. ಏಳೆಂಟು ಮೆಟ್ಟಿಲಿಗೊಂದು ತಿರುವು, ಮತ್ತೆ ಏಳೆಂಟು, ಮತ್ತೆ ತಿರುವು. ನಡುವಿನ ಸಂದಿಯಲ್ಲಿ ಬಗ್ಗಿ ನೋಡಿದರೆ ತಳವೇ ಕಾಣಲ್ಲ. ನಾನು ಮಾಡಿದ ಒಂದೇ ಜಾಣತನವೆಂದರೆ ಗೈಡ್ ಹತ್ತಿರ ಮೊದಲೇ ಹೋಗಿ, ನಾವು ಎಲ್ಲರಿಗಿಂತ ಕೊನೆಗೆ ಬರ್ತೀವಿ ಅಂತ ಹೇಳಿದ್ದು. ಹಿಂದೆ ಯಾರೂ ನೂಕುವವರಿಲ್ಲ. ಅಮ್ಮ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ನನ್ನ ಭುಜ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಊರಿ ಇಳಿದಳು. ನೂರರವರೆಗೆ ಎಣಿಸಿದಳು. ಆಮೇಲೆ ಎಣಿಸೋದು ಬಿಟ್ಟು ರಾಮ ರಾಮ ಅನ್ನತೊಡಗಿದಳು. 64 ಮೀಟರ್ ಆಳದಲ್ಲಿ ಉಳಿದವರೆಲ್ಲ ಕಾಯುತ್ತಾ ನಿಂತಿದ್ದರು. ಗಣಿಯವರು ಎದುರಾದಾಗ ಹೇಳುವ 'ಶ್ಚೆಂಶ್ಚ್ ಬೋಜೆ', ಅಂದರೆ ದೇವರು ಒಳ್ಳೇದು ಮಾಡಲಿ ಅನ್ನೋ ಮಾತನ್ನು ಗೈಡ್ ಕಲಿಸಿದರು. ಅಮ್ಮ ಕೈಮುಗಿದು "ನಮಸ್ಕಾರ" ಅಂದಳು. ಲೆಕ್ಕ ಸರಿಹೋಯಿತು.

ಕೆಳಗೆ ಹೋದ ಮೇಲೆ ಹೊಸ ತಕರಾರು ಶುರುವಾಯಿತು. ಗೋಡೆ, ಚಾವಣಿ, ಕಾಲ ಕೆಳಗಿನ ನೆಲ, ಎಲ್ಲಾ ಉಪ್ಪು. ಆದರೆ ಬೆಳ್ಳಗಿಲ್ಲ, ಬೂದು ಬಣ್ಣದ ಕಲ್ಲಿನ ಹಾಗಿದೆ. ಅಮ್ಮ ಗೋಡೆಗೆ ಬೆರಳು ಒರೆಸಿ ನಾಲಿಗೆಗೆ ಇಟ್ಟುಕೊಂಡಳು. ಮುಖ ಬದಲಾಯಿತು.

"ಉಪ್ಪು ತುಳೀಬಾರದು ಅಂತ ನಿಂಗೆ ಎಷ್ಟು ಸಲ ಹೇಳಿದ್ದೀನಿ. ಈಗ ನೀನೇ ಕರ್ಕೊಂಡು ಬಂದು ತುಳಿಸ್ತಾ ಇದೀಯಲ್ಲೇ?"

ನಮ್ಮನೆಯಲ್ಲಿ ದೀಪ ಹಚ್ಚಿದ ಮೇಲೆ ಉಪ್ಪು ಅಂತ ಹೆಸರು ಕೂಡ ಹೇಳೋ ಹಾಗಿಲ್ಲ, 'ರುಚಿ' ಅನ್ನಬೇಕು. ಇಲ್ಲಿ ಏಳುನೂರು ವರ್ಷದಿಂದ ಉಪ್ಪನ್ನೇ ತುಳಿದು ಬದುಕಿದ್ದಾರೆ ಅಂದೆ. ಉಪ್ಪು ತೆಗೆಯುವ ಕೆಲಸ ನಿಂತದ್ದು 1996ರಲ್ಲಿ. ರಾಟೆ ತಿರುಗಿಸಲು, ಗಾಡಿ ಎಳೆಯಲು ಕುದುರೆಗಳೂ ಒಳಗಿದ್ದವು. ಕೊನೆಯ ಕುದುರೆ ಮೇಲೆ ಬಂದದ್ದು 2002ರಲ್ಲಂತೆ. ಅಮ್ಮ ಅಲ್ಲಿಂದ ಮುಂದೆ ಸ್ವಲ್ಪ ಹೊತ್ತು ಕುದುರೆಯ ಬಗ್ಗೆಯೇ ಮಾತಾಡಿದಳು.

ದಾರಿಯಲ್ಲಿ ಮೊದಲು ಸಿಗೋದು ಸಂತ ಅಂತೋನಿಯ ಚಿಕ್ಕ ಪೂಜಾಲಯ. 17ನೇ ಶತಮಾನದ ಕೊನೆಯದು. ಹೊರಗಿನ ತೇವದ ಗಾಳಿ ತಾಗಿ ತಾಗಿ ಅಲ್ಲಿಯ ಮೂರ್ತಿಗಳ ಮೂಗು, ಬೆರಳು, ಬಟ್ಟೆಯ ನೆರಿಗೆ ಎಲ್ಲಾ ಕರಗಿ ನುಣ್ಣಗಾಗಿವೆ. ಯಾರು ಯಾರೆಂದೇ ತಿಳಿಯಲ್ಲ. ಹೆಚ್ಚಿನವರು ಎರಡು ನಿಮಿಷ ನೋಡಿ ಮುಂದೆ ಹೋಗ್ತಾರೆ. ನನಗೆ ಇಡೀ ಗಣಿಯಲ್ಲಿ ಮನಸ್ಸಿಗೆ ತಾಗಿದ್ದು ಇದೇ. 1978ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಈ ಗಣಿ, 1989ರಿಂದ 1998ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತು. ಕಾರಣ ಇದೇ ತೇವ. ನೋಡಲು ಬಂದ ನಮ್ಮ ಉಸಿರಿನಲ್ಲೂ ನೀರಿರುತ್ತೆ, ಅಲ್ವಾ?

ಆಮೇಲೆ 101 ಮೀಟರ್ ಆಳದಲ್ಲಿ ಸಂತ ಕಿಂಗಾಳ ಚರ್ಚು. ಮೇಲಿನ ಮೊಗಸಾಲೆಯಿಂದ ಒಮ್ಮೆಲೇ ಕೆಳಗಡೆ ಕಾಣಿಸುತ್ತೆ. 54 ಮೀಟರ್ ಉದ್ದ, 18 ಮೀಟರ್ ಅಗಲ, 12 ಮೀಟರ್ ಎತ್ತರ. ತೂಗುವ ಗೊಂಚಲು ದೀಪಗಳ ಹರಳೂ ಉಪ್ಪು. ಗ್ರಾನೈಟ್ ಟೈಲ್ಸ್ ಹಾಸಿದಂತಿರುವ ನೆಲ ಕೂಡ ಉಪ್ಪಿನಲ್ಲೇ ಗೀರಿ ಮಾಡಿದ್ದು. ಕಿಂಗಾ ಹಂಗೇರಿಯ ರಾಜಕುಮಾರಿ, ಪೋಲೆಂಡಿಗೆ ಸೊಸೆಯಾಗಿ ಬಂದವಳು. ತವರಿನ ಉಪ್ಪಿನ ಗಣಿಯಲ್ಲಿ ಎಸೆದು ಬಂದಿದ್ದ ಉಂಗುರ ಇಲ್ಲಿ ಅಗೆಸಿದಾಗ ಸಿಕ್ಕ ಮೊದಲ ಉಪ್ಪಿನ ಗಟ್ಟಿಯೊಳಗೆ ಇತ್ತು ಅನ್ನೋದು ಕಥೆ.

ಅಮ್ಮ ನಿಂತೇಬಿಟ್ಟಳು. "ಇದನ್ನ ಕೆತ್ತಿದ ಶಿಲ್ಪಿಗಳು ಯಾರಂತೆ?"

ಗಣಿ ಕೆಲಸದವರೇ ಅಂದೆ. 1896ರಲ್ಲಿ ಯೂಜೆಫ್ ಮಾರ್ಕೋವ್ಸ್ಕಿ ಶುರು ಮಾಡಿದ. ತಮ್ಮ ತೊಮಾಷ್ ಜೊತೆ ಸೇರಿದ. ಆಮೇಲೆ ಅಂತೋನಿ ವಿರೊಡೆಕ್ ಮುಂದುವರಿಸಿದ. ಮುಗಿದದ್ದು 1963ರಲ್ಲಿ. ವಿರೊಡೆಕ್ ಕೆತ್ತಿದ ಏಸುವಿನ ಕೊನೆಯ ಊಟದ ಫಲಕ ಗೋಡೆಯಲ್ಲಿ ಕೆಲವೇ ಇಂಚು ಆಳ. ದೂರದಿಂದ ನೋಡಿದರೆ ಒಳಗೊಂದು ಉದ್ದನೆಯ ಕೋಣೆಯೇ ಇದ್ದಂತೆ ಕಾಣುತ್ತೆ. ಅಮ್ಮ ಹತ್ತಿರ ಹೋಗಿ ಪಕ್ಕದಿಂದ ಇಣುಕಿದಳು. ಮತ್ತೆ ದೂರ ಬಂದು ನೋಡಿದಳು. "ನಮ್ಮ ಬೇಲೂರಿನವರಿಗೆ ತೋರಿಸಬೇಕಿತ್ತು" ಅಂದಳು. ಆಮೇಲೆ ಮೆಲ್ಲಗೆ, "ಪೂಜೆ ನಡೆಯುತ್ತಾ ಇಲ್ಲಿ? ಹಾಗಾದ್ರೆ ಚಪ್ಪಲಿ ಬಿಡಬೇಕಲ್ಲ?" ಭಾನುವಾರ ಬೆಳಿಗ್ಗೆ ನಡೆಯುತ್ತೆ, ಯಾರೂ ಚಪ್ಪಲಿ ಬಿಡಲ್ಲ ಅಂದರೂ ಕೇಳಲಿಲ್ಲ. ಒಂದು ಮೂಲೆಯಲ್ಲಿ ಶೂ ಕಳಚಿ, ಕಾಲುಚೀಲದಲ್ಲಿ ನಿಂತು ಕೈಮುಗಿದು, ಮತ್ತೆ ಹಾಕಿಕೊಂಡಳು. ಅಷ್ಟರಲ್ಲಿ ನಮ್ಮ ಗುಂಪು ಮುಂದೆ ಹೋಗಿತ್ತು. ಚರ್ಚಿಗೆ ಕೊಡುವ ಹೊತ್ತು ಸಾಲೋದೇ ಇಲ್ಲ. ಹಿಂದಿನ ಗುಂಪು ಬಂದು ನಿಂತಿರುತ್ತೆ. ಫೋಟೊ ತೆಗೆಯುವುದನ್ನು ಮೊದಲ ಐದು ನಿಮಿಷಕ್ಕೆ ಮುಗಿಸಿ ಸುಮ್ನೆ ನೋಡಿ.

ಆಮೇಲಿನ ಉಪ್ಪುನೀರಿನ ಕೊಳ, ಬೆಳಕಿನಾಟ ನನಗೆ ಅಷ್ಟೇನೂ ಹಿಡಿಸಲಿಲ್ಲ. ಅಮ್ಮ ಆಗಲೇ ಬಳಲಿದ್ದಳು. ಸ್ವೆಟರ್ ಮಾತ್ರ ಖಂಡಿತ ಬೇಕು, ಒಳಗೆ ವರ್ಷವಿಡೀ ತಂಪು. ಲಿಫ್ಟ್ ಗಣಿಯವರದೇ. ಕತ್ತಲ ಗೂಡಿನಲ್ಲಿ ಮೈಗೆ ಮೈ ತಾಗಿಸಿ ನಿಲ್ಲಬೇಕು, ರೊಯ್ಯನೆ ಮೇಲೆ ಬರುತ್ತೆ.

ಅಂಗಡಿಯಲ್ಲಿ ಅಮ್ಮ ಒಂದು ಚೀಲ ಉಪ್ಪು ಕೊಂಡಳು. ಊರಿಗೆ ಒಯ್ದು ಎಲ್ಲರಿಗೂ ಹಂಚ್ತೀನಿ ಅಂದಳು. ಮಾರನೇ ದಿನ ಮಂಡಿ ಊದಿಕೊಂಡಿತ್ತು. ಸಂಜೆ ನಾನು ಆಫೀಸಿನಿಂದ ಬಂದಾಗ ಅರ್ಧ ಚೀಲ ಖಾಲಿ. ಬಾಣಲೆಯಲ್ಲಿ ಬಿಸಿ ಮಾಡಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಸೋಫಾದ ಮೇಲೆ ಕಾಲು ಚಾಚಿ ಶಾಖ ಕೊಟ್ಟುಕೊಳ್ಳುತ್ತಿದ್ದಳು.

"ಚೆನ್ನಾಗಿ ಬಿಸಿ ಹಿಡಿಯುತ್ತೆ ಕಣೇ, ಈ ರುಚಿ" ಅಂದಳು.