ನಿಮ್ಮ ಗಿಟಾರ್ ಕೇಬಲ್ ನೀವೇ ಮಾಡಿಕೊಳ್ಳಿ

ಎಲೆಕ್ಟ್ರಿಕ್ ಗಿಟಾರಿನ ಕೇಬಲ್ ಕೆಡುವುದು ಹೆಚ್ಚಾಗಿ ಜ್ಯಾಕ್ ಇರುವ ತುದಿಯಲ್ಲೇ. ಅಲ್ಲಿ ತಂತಿ ಬಗ್ಗಿ ಬಗ್ಗಿ ಬೆಸುಗೆ ಬಿಡುತ್ತದೆ, ಆಂಪ್‌ನಲ್ಲಿ ಕರಕರ ಶುರುವಾಗುತ್ತದೆ. ಅಗ್ಗದ ಕೇಬಲ್‌ಗಳ ಜ್ಯಾಕನ್ನು ಪ್ಲಾಸ್ಟಿಕ್‌ನಲ್ಲಿ ಮುಚ್ಚಿಬಿಟ್ಟಿರುತ್ತಾರೆ, ಬಿಚ್ಚೋಕೆ ಆಗಲ್ಲ. ನೀವೇ ಮಾಡಿಕೊಂಡಿದ್ದರೆ ತಿರುಪು ಬಿಚ್ಚಿ ಮತ್ತೆ ಬೆಸುಗೆ ಹಾಕಿದರಾಯಿತು.

6.35 ಮಿ.ಮೀ.ನ ಎರಡು ಮೋನೊ ಜ್ಯಾಕ್ ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಪಿ-38 ಎಂದು ಕೇಳಿದರೂ ಕೊಡುತ್ತಾರೆ. ಮೋನೊ ಜ್ಯಾಕ್‌ಗೆ ಒಂದೇ ಕಪ್ಪು ಉಂಗುರ. ಎರಡಿದ್ದರೆ ಅದು ಸ್ಟೀರಿಯೊ. ದುಡ್ಡು ಸ್ವಲ್ಪ ಜಾಸ್ತಿ ಹೋದರೂ ಒಳ್ಳೆಯ ಲೋಹದ ಜ್ಯಾಕನ್ನೇ ಕೊಳ್ಳಿ. ವೈರ್ ಒಂಟಿ ಎಳೆಯದಾಗಿರಲಿ, ಸುತ್ತ ತಾಮ್ರದ ಜಾಲರಿ ಇರುವ ಶೀಲ್ಡೆಡ್ ವೈರ್. ಸ್ಪೀಕರ್ ವೈರ್ ಬೇಡವೇ ಬೇಡ. ಅದಕ್ಕೆ ಜಾಲರಿ ಇಲ್ಲ, ಮನೆಯ ಕರೆಂಟಿನ ಗುಂಯ್ ಸದ್ದೆಲ್ಲ ಒಳಗೆ ಬರುತ್ತದೆ.

ಉದ್ದವೂ ಮುಖ್ಯ. ಇಂಥ ವೈರ್‌ಗೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್ (ವಿದ್ಯುತ್ತನ್ನು ಹಿಡಿದಿಡುವ ಗುಣ) ಇರುತ್ತದೆ. ಉದ್ದ ಹೆಚ್ಚಿದಷ್ಟೂ ಟ್ರೆಬಲ್ ಮಂಕಾಗುತ್ತದೆ. ಮನೆಗೆ 3 ಮೀಟರ್ ಸಾಕು, ವೇದಿಕೆಗೆ 6.

ಈಗ ಕೆಲಸ. ಮೊದಲು ಜ್ಯಾಕಿನ ಹೊರಕವಚ ಮತ್ತು ಪ್ಲಾಸ್ಟಿಕ್ ಕೊಳವೆಯನ್ನು ವೈರ್‌ಗೆ ತೂರಿಸಿಕೊಳ್ಳಿ. ಇದನ್ನು ಮರೆತರೆ ಬೆಸುಗೆ ಕಿತ್ತು ಮತ್ತೆ ಹಾಕಬೇಕು. ಆಮೇಲೆ ಹೊರ ಸಿಪ್ಪೆಯನ್ನು ಸುಮಾರು 2 ಸೆಂ.ಮೀ. ಸುಲಿಯಿರಿ. ಜಾಲರಿ ಬಿಡಿಸಿ ಒಂದು ಪಕ್ಕಕ್ಕೆ ಹುರಿ ಮಾಡಿ.

ಇಲ್ಲಿ ನಿಧಾನ. ಎಷ್ಟೋ ವೈರ್‌ಗಳಲ್ಲಿ ಒಳ ಎಳೆಯ ಬಿಳಿ ಕವಚದ ಮೇಲೆ ತೆಳುವಾದ ಕಪ್ಪು ಪದರ ಇರುತ್ತದೆ. ನೋಡಲು ಸಾದಾ ಪ್ಲಾಸ್ಟಿಕ್, ಆದರೆ ಅದರಲ್ಲಿ ಕರೆಂಟ್ ಹರಿಯುತ್ತದೆ! ಕೇಬಲ್ ತುಳಿದಾಗ ಬರುವ ದಬದಬ ಸದ್ದು ತಗ್ಗಿಸಲೆಂದೇ ಅದನ್ನು ಹಾಕಿರುತ್ತಾರೆ. ಅದು ನಡುವಿನ ಎಳೆಗೆ ತಾಗಿದರೆ ಸಿಗ್ನಲ್ ಜಾಲರಿಗೆ ಸೋರಿ ಸದ್ದು ಸೊರಗುತ್ತದೆ. ಹಾಗಾಗಿ ಜಾಲರಿ ಬಿಡಿಸಿದ ಜಾಗದವರೆಗೂ ಕಪ್ಪು ಪದರ ಸುಲಿದುಬಿಡಿ, ಬಿಳಿ ಕವಚ ಮಾತ್ರ ಇರಲಿ. ಆಮೇಲೆ ತುದಿಯಲ್ಲಿ ಅರ್ಧ ಸೆಂ.ಮೀ.ನಷ್ಟು ತಾಮ್ರ ತೆರೆಯಿರಿ.

ಕಾದ ಸೋಲ್ಡರಿಂಗ್ ಐರನ್‌ನಿಂದ ಎಳೆ, ಹುರಿ, ಜ್ಯಾಕಿನಲ್ಲಿ ವೈರ್ ಬೆಸೆಯುವ ಎರಡು ಕಿವಿ, ಎಲ್ಲಕ್ಕೂ ಮೊದಲೇ ಸ್ವಲ್ಪ ಬೆಸುಗೆ ಸೀಸ (ಸೋಲ್ಡರ್) ಹಚ್ಚಿಟ್ಟುಕೊಳ್ಳಿ. ನಡುವಿನ ಎಳೆ ಚಿಕ್ಕ ಕಿವಿಗೆ, ಹುರಿ ದೊಡ್ಡ ಕಿವಿಗೆ. ದೊಡ್ಡದು ಬಿಸಿಯಾಗಲು ಹೊತ್ತು ಹಿಡಿಯುತ್ತದೆ. 350 ಡಿಗ್ರಿ ಇಟ್ಟು ಬೇಗ ಮುಗಿಸಿ, ಇಲ್ಲದಿದ್ದರೆ ಒಳಗಿನ ಪ್ಲಾಸ್ಟಿಕ್ ಕರಗುತ್ತದೆ. ಆರುವವರೆಗೆ ಅಲುಗಾಡಿಸಬೇಡಿ. ಕಿಟಕಿ ತೆರೆದಿರಲಿ, ಕೊನೆಗೆ ಕೈ ತೊಳೆಯಿರಿ. ವೈರ್ ಹಿಡಿಯುವ ಲೋಹದ ರೆಕ್ಕೆಗಳು ಹೊರ ಸಿಪ್ಪೆಯನ್ನೇ ಕಚ್ಚಬೇಕು, ಎಳೆತ ಬೆಸುಗೆಯ ಮೇಲೆ ಬೀಳಬಾರದು. ಇನ್ನೊಂದು ತುದಿಗೂ ಇದೇ ಕೆಲಸ.

ಮಲ್ಟಿಮೀಟರನ್ನು ಬೀಪ್‌ನಲ್ಲಿಡಿ, ಅಂದರೆ ಸಂಪರ್ಕವಿದ್ದರೆ ಸದ್ದು ಮಾಡುವ ಸ್ಥಾನದಲ್ಲಿ. ಒಂದು ಜ್ಯಾಕಿನ ಮೊನೆಯಿಂದ ಇನ್ನೊಂದರ ಮೊನೆಗೆ, ಬುಡದಿಂದ ಬುಡಕ್ಕೆ ಬೀಪ್ ಬರಬೇಕು. ಮೊನೆಯಿಂದ ಬುಡಕ್ಕೆ ಬರಬಾರದು. ಅಷ್ಟಕ್ಕೇ ನಂಬಬೇಡಿ. ಕಪ್ಪು ಪದರದ ಸೋರಿಕೆಗೆ ಬೀಪ್ ಆಗದೇ ಇರಬಹುದು. ಓಮ್ಸ್‌ನ (ರೋಧ ಅಳೆಯುವ ಸ್ಥಾನದ) ಅತಿ ದೊಡ್ಡ ರೇಂಜ್‌ನಲ್ಲಿ ಮೊನೆ, ಬುಡಗಳನ್ನು ಮೀಟರಿನ ಕಡ್ಡಿಗಳಿಂದ ಮತ್ತೆ ಮುಟ್ಟಿ, ಬೆರಳು ತಾಗದಿರಲಿ. ಕಡ್ಡಿಗಳು ಏನನ್ನೂ ಮುಟ್ಟದಿದ್ದಾಗ ಕಾಣುವುದನ್ನು (OL ಅಥವಾ ಎಡಗಡೆಯ ಒಂಟಿ 1) ಬಿಟ್ಟು ಬೇರೆ ಅಂಕಿ ಕಂಡರೆ ಎರಡೂ ತುದಿ ಬಿಚ್ಚಿ ನೋಡಿ, ಕಪ್ಪು ಪದರ ಇನ್ನಷ್ಟು ಸುಲಿಯಿರಿ.