ಆರ್ಗ್ಯಾನಿಕ್ ಅಂತ ಬರ್ದಿದ್ರೆ ಸಾಕಾ? ನೋಡಿ ತಗೊಳ್ಳೋದು ಹೇಗೆ

ಸಾವಯವ ಅಂದ ತಕ್ಷಣ ತುಂಬ ಜನ ಔಷಧಿನೇ ಹೊಡೆದಿಲ್ಲ ಅಂದ್ಕೊಂಡ್ಬಿಡ್ತಾರೆ. ಹಾಗಲ್ಲ, ಅದು ಬೆಳೆದ ರೀತಿಗೆ ಸಿಗೋ ಹೆಸರು. ಯೂರಿಯಾ ಥರದ ರಾಸಾಯನಿಕ ಗೊಬ್ಬರ ಹಾಕಂಗಿಲ್ಲ, ರಾಸಾಯನಿಕ ಕಳೆನಾಶಕ ಹೊಡೆಯಂಗಿಲ್ಲ, ಕುಲಾಂತರಿ ಬೀಜ ಬಿತ್ತಂಗಿಲ್ಲ. ಆದ್ರೆ ಬೇವಿನ ಎಣ್ಣೆ, ಗಂಧಕ, ಹುಳ ಸಾಯಿಸೋ ಬಿಟಿ ಅನ್ನೋ ಬ್ಯಾಕ್ಟೀರಿಯಾ, ಕೆಲವು ತಾಮ್ರದ ದ್ರಾವಣ ಇವಕ್ಕೆಲ್ಲ ಬಹಳ ಕಡೆ ಪರ್ಮಿಷನ್ ಇದೆ, ಅದಕ್ಕೇ ಸಾವಯವ ತರಕಾರಿನೂ ಚೆನ್ನಾಗಿ ತೊಳ್ದು ತಿನ್ನಿ.

ಪ್ಯಾಕೆಟ್ ತಗೊಳ್ಳೋವಾಗ ಮುಂದಿನ ಹಸಿರು ಚಿತ್ರ ಬಿಡಿ, ಹಿಂದೆ ತಿರುಗಿಸಿ ಸರ್ಟಿಫಿಕೇಟ್ ಗುರುತು ಇದ್ಯಾ, ಯಾವ ಸಂಸ್ಥೆ ಕೊಟ್ಟಿದ್ದು ಅಂತ ಹೆಸರೋ ಕೋಡೋ ಇದ್ಯಾ ನೋಡಿ. 'ನ್ಯಾಚುರಲ್', 'ಫಾರ್ಮ್ ಫ್ರೆಶ್' ಅಂತ ಬರ್ದಿದ್ರೆ ಅದು ಸಾವಯವ ಅಂತ ಅಲ್ಲ. ಬಿಸ್ಕತ್ತು, ಜಾಮ್ ಥರದ್ದಾದ್ರೆ ನೀರು, ಉಪ್ಪು ಬಿಟ್ಟು ಉಳಿದಿದ್ರಲ್ಲಿ ಕನಿಷ್ಠ 95% ಸಾವಯವ ಇರ್ಬೇಕು ಅನ್ನೋದೇ ಹೆಚ್ಚಿನ ಕಡೆ ಇರೋ ರೂಲ್.

ರೈತರ ಹತ್ರನೇ ಕೊಳ್ಳೋದಾದ್ರೆ ಇನ್ನೂ ಒಳ್ಳೇದು, ಯಾಕಂದ್ರೆ ಅಲ್ಲಿ ಕೇಳ್ಬೋದು. ನಾನಾದ್ರೆ ಮೊದ್ಲು ಕೇಳೋದು, ಯೂರಿಯಾ ಹಾಕ್ದೇ ಗಿಡಕ್ಕೆ ಬೇಕಾದ ಸಾರಜನಕ (ನೈಟ್ರೋಜನ್) ಎಲ್ಲಿಂದ ಬರುತ್ತೆ ಅಂತ. ನಿಜವಾಗ್ಲೂ ಮಾಡೋರು ಖುಷಿಯಿಂದ ಹೇಳ್ತಾರೆ: ಕೊಟ್ಟಿಗೆ ಗೊಬ್ಬರ ಎಷ್ಟು ತಿಂಗಳು ಕೊಳೆಸಿದ್ವಿ, ಯಾವ ಬೆಳೆ ಆದ್ಮೇಲೆ ಯಾವ ದ್ವಿದಳ ಧಾನ್ಯ ಹಾಕಿದ್ವಿ ಅಂತ (ದ್ವಿದಳದ ಬೇರಿನ ಗಂಟಲ್ಲಿ ರೈಜೋಬಿಯಂ ಅನ್ನೋ ಬ್ಯಾಕ್ಟೀರಿಯಾ ಇರುತ್ತೆ, ಅದು ಗಾಳಿಲಿರೋ ಸಾರಜನಕನ ಗಿಡಕ್ಕೆ ಸಿಗೋ ಹಂಗೆ ಮಾಡುತ್ತೆ). ಆಮೇಲೆ ಜಮೀನು ಸಾವಯವಕ್ಕೆ ತಿರುಗಿಸಿ ಎಷ್ಟು ವರ್ಷ ಆಯ್ತು ಅಂತ ಕೇಳಿ, ಸಾಮಾನ್ಯವಾಗಿ 2-3 ವರ್ಷ ಕಾಯ್ಬೇಕು, ಮಣ್ಣು ಒಂದೇ ಸೀಸನ್ನಲ್ಲಿ ಬದಲಾಗಲ್ಲ. ಪಕ್ಕದ ಹೊಲದ ಔಷಧಿ ಗಾಳಿಗೆ ಬರದ ಹಾಗೆ ಬೇಲಿ ಸಾಲು, ಬಿಟ್ಟ ಜಾಗ ಇದ್ಯಾ ಅಂತಾನೂ ಕೇಳ್ಬೇಕು.

ಹುಳ ತಿಂದ ತೂತು ಇದೆ ಅಂದ ಮಾತ್ರಕ್ಕೆ ಸಾವಯವ ಅಂತ ನಂಬ್ಬೇಡಿ ಪ್ಲೀಸ್! ಔಷಧಿ ಹೊಡೆದ ಬೆಳೇಲೂ ಹುಳ ಇರುತ್ತೆ, ಒಳ್ಳೆ ಸಾವಯವ ಹೊಲದಲ್ಲಿ ಬೆಳೆ ಹಾಳು ಮಾಡೋ ಹುಳಗಳನ್ನ ತಿನ್ನೋ ಮಿತ್ರ ಕೀಟ ಜಾಸ್ತಿ ಇದ್ರೆ ಎಲೆ ನೀಟಾಗೇ ಇರ್ಬೋದು.

ಸಣ್ಣ ರೈತರ ಹತ್ರ ಸರ್ಟಿಫಿಕೇಟ್ ಇಲ್ದೇ ಇರ್ಬೋದು, ಖರ್ಚು, ಪೇಪರ್ ಕೆಲಸ ಎರಡೂ ಜಾಸ್ತಿ. ಅಷ್ಟಕ್ಕೇ ಸುಳ್ಳು ಅನ್ಬೇಡಿ, ರೈತರೇ ಗುಂಪು ಮಾಡ್ಕೊಂಡು ಒಬ್ಬರ ಹೊಲ ಇನ್ನೊಬ್ರು ಚೆಕ್ ಮಾಡೋ ಪದ್ಧತಿನೂ ಇದೆ, ಅಂಥ ಗುಂಪಲ್ಲಿ ಇದ್ದಾರಾ ಅಂತ ವಿಚಾರಿಸಿ, ಆಗುತ್ತೆ ಅಂದ್ರೆ ಹೊಲ ನೋಡೋಕೂ ಹೋಗ್ಬನ್ನಿ.