ಡಿಕಾಕ್ಷನ್ ಚೆನ್ನಾಗಿ ಇಳಿಯಬೇಕೆಂದರೆ

ಕಾಫಿ ಪುಡಿಯನ್ನು ಒಂದೇ ಸಲ ಒಂದು ಕೆಜಿ ಕಟ್ಟಿಸಿಕೊಂಡು ಹೋಗಬೇಡಿ. ಪುಡಿ ಮಾರುವವಳೇ ಹೀಗೆ ಹೇಳಿದರೆ ಕೆಲವರಿಗೆ ಆಶ್ಚರ್ಯವಾಗುತ್ತದೆ. ಹಾಸನದಲ್ಲಿ ನಮ್ಮದು ಬೀಜ ಹುರಿದು, ಗಿರಾಕಿಯ ಎದುರಿಗೇ ಪುಡಿ ಮಾಡಿ ಕೊಡುವ ಅಂಗಡಿ. ಮಾವನವರು ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಬಂದವರು ಹೇಳುವ ಮಾತು ಹೆಚ್ಚುಕಮ್ಮಿ ಒಂದೇ: "ಅಕ್ಕಾ, ನಿಮ್ಮ ಅಂಗಡಿ ಮುಂದೆ ನಿಂತರೆ ಘಮ ಘಮ ಅನ್ನುತ್ತೆ. ಮನೇಲಿ ಮಾಡಿದ್ರೆ ಆ ಘಮ ಇರೋದೇ ಇಲ್ಲ." ಹೆಚ್ಚಿನ ಮನೆಗಳಲ್ಲಿ ಆ ಘಮ ಒಲೆ ಹತ್ತಿಸುವ ಮೊದಲೇ, ಡಬ್ಬಿಯಲ್ಲಿ ಕೂತಲ್ಲೇ ಹೋಗಿರುತ್ತದೆ.

ಹುರಿದ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿರುತ್ತದೆ. ಪರಿಮಳವೂ ಅದರ ಜೊತೆಗೇ ಒಳಗೆ ಉಳಿದಿರುತ್ತದೆ. ಪುಡಿ ಮಾಡಿದ ಕ್ಷಣದಿಂದ ಎರಡೂ ಹೊರಗೆ ಹೋಗಲು ಶುರು. ಗಾಳಿ ತಾಗಿ ಪುಡಿಯ ಎಣ್ಣೆ ಅಂಶ ಹಳಸುತ್ತದೆ. ಬೀಜವಾಗಿದ್ದಾಗ ವಾರಗಟ್ಟಲೆ ತಡೆಯುವುದು ಪುಡಿಯಾದ ಮೇಲೆ ಕೆಲವೇ ದಿನಕ್ಕೆ ಸಪ್ಪೆಯಾಗುತ್ತದೆ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ 30ರಿಂದ 40 ಗ್ರಾಂ ಪುಡಿ ಖರ್ಚಾಗುತ್ತದೆ. ಹಾಗಾಗಿ ಕಾಲು ಕೆಜಿ ಕೊಂಡರೆ ವಾರಕ್ಕೆ ಸರಿಹೋಗುತ್ತದೆ. ಮುಗಿದ ಮೇಲೆ ಮತ್ತೆ ಬನ್ನಿ. ದೂರದ ಊರಿನವರಾದರೆ ಎರಡು ಮೂರು ಚಿಕ್ಕ ಪೊಟ್ಟಣ ಮಾಡಿಸಿ ಬಿಗಿಯಾಗಿ ಕಟ್ಟಿಸಿಕೊಳ್ಳಿ, ಒಂದು ಮುಗಿದ ಮೇಲೆ ಇನ್ನೊಂದನ್ನು ಬಿಚ್ಚಿ.

ಡಬ್ಬಿ ಚಿಕ್ಕದಿರಲಿ, ಮುಚ್ಚಳ ಬಿಗಿಯಿರಲಿ. ದೊಡ್ಡ ಡಬ್ಬಿಯ ತಳದಲ್ಲಿ ನಾಲ್ಕು ಚಮಚ ಪುಡಿ ಬಿದ್ದಿದ್ದರೆ ಉಳಿದ ಜಾಗವೆಲ್ಲ ಗಾಳಿಯೇ ಅಲ್ವಾ? ಇಂಗು, ಸಾರಿನ ಪುಡಿ ಇಡುವ ಕಪಾಟಿನಲ್ಲಿ ಕಾಫಿ ಪುಡಿ ಇಡಬೇಡಿ, ಅದು ಪಕ್ಕದ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಫ್ರಿಜ್ ಕೂಡ ಬೇಡ. ತಣ್ಣಗಿನ ಡಬ್ಬಿಯನ್ನು ದಿನಾ ಹೊರಗೆ ತೆಗೆದು ಬಿಚ್ಚಿದರೆ ಒಳಗೆ ತೇವ ಕೂರುತ್ತದೆ.

ಈಗ ಯಾವ ಪುಡಿ ಅನ್ನುವ ಮಾತು. ನಮ್ಮ ಬೋರ್ಡಿನ ಮೇಲೆ ಪ್ಲಾಂಟೇಷನ್ ಎ, ಪೀಬೆರಿ, ರೋಬಸ್ಟಾ ಪಾರ್ಚ್‌ಮೆಂಟ್, ಚೆರಿ ಅಂತೆಲ್ಲ ಇದೆ. ಬಹಳ ಜನ ಅದನ್ನು ಓದದೆ "ಒಳ್ಳೇದು ಕೊಡಿ" ಅನ್ನುತ್ತಾರೆ. ಗೊತ್ತು ಮಾಡಿಕೊಂಡರೆ ನಿಮ್ಮ ಕಾಫಿ ನಿಮ್ಮ ಕೈಯಲ್ಲಿರುತ್ತದೆ. ಕಾಫಿ ಗಿಡದಲ್ಲಿ ಅರೇಬಿಕಾ, ರೋಬಸ್ಟಾ ಅಂತ ಮುಖ್ಯವಾಗಿ ಎರಡು ಜಾತಿ. ಹಣ್ಣಿನ ಸಿಪ್ಪೆ ತೆಗೆದು, ತೊಳೆದು, ಒಣಗಿಸಿದ ಅರೇಬಿಕಾಕ್ಕೆ ಪ್ಲಾಂಟೇಷನ್ ಅನ್ನುತ್ತಾರೆ. ಹಾಗೇ ತೊಳೆದ ರೋಬಸ್ಟಾ ಅಂದರೆ ಪಾರ್ಚ್‌ಮೆಂಟ್. ಹಣ್ಣನ್ನು ಇಡಿಯಾಗಿ ಕಣದಲ್ಲಿ ಒಣಗಿಸಿ ಆಮೇಲೆ ಸಿಪ್ಪೆ ಬಿಡಿಸಿದ್ದು ಚೆರಿ. ಒಂದು ಹಣ್ಣಿನಲ್ಲಿ ಸಾಮಾನ್ಯವಾಗಿ ಎರಡು ಬೀಜ ಬೆನ್ನು ಹೊರಗೆ ಮಾಡಿ ಕೂತಿರುತ್ತವೆ. ಕೆಲವದರಲ್ಲಿ ಒಂದೇ ಬೀಜ ಗುಂಡಗೆ ಬೆಳೆಯುತ್ತದೆ, ಅದು ಪೀಬೆರಿ. ಗುಂಡಗಿರುವುದರಿಂದ ಅದು ಡ್ರಮ್ಮಿನಲ್ಲಿ ಚೆನ್ನಾಗಿ ಉರುಳಿ ಒಂದೇ ಸಮ ಹುರಿಯುತ್ತದೆ. ಆದರೆ ಅದೂ ಅದೇ ಗಿಡದ ಬೀಜ. ಬರೀ ಹೆಸರಿಗಾಗಿ ಜಾಸ್ತಿ ದುಡ್ಡು ಕೊಡಬೇಕಾಗಿಲ್ಲ.

ಅರೇಬಿಕಾದಲ್ಲಿ ಪರಿಮಳ, ಸ್ವಲ್ಪ ಹುಳಿ. ರೋಬಸ್ಟಾದಲ್ಲಿ ಗಟ್ಟಿತನ, ಕಹಿ, ಮತ್ತು ಹೆಚ್ಚುಕಮ್ಮಿ ಎರಡು ಪಟ್ಟು ಕೆಫೀನ್. ಬರೀ ಅರೇಬಿಕಾದ ಡಿಕಾಕ್ಷನ್‌ಗೆ ಹಾಲು ಜಾಸ್ತಿ ಹಾಕಿದರೆ ಕಾಫಿ ಹಾಲಿನಲ್ಲಿ ಮುಳುಗಿಹೋಗುತ್ತದೆ. ಹಾಲು ಹಾಕಿ ಕುಡಿಯುವವರಿಗೆ ನಾನು ಹೇಳುವುದು 70 ಭಾಗ ಪ್ಲಾಂಟೇಷನ್, 30 ಭಾಗ ರೋಬಸ್ಟಾ ಪಾರ್ಚ್‌ಮೆಂಟ್. ಇಲ್ಲಿಂದ ಶುರು ಮಾಡಿ, ಒಂದೊಂದು ಸಲ ಹತ್ತು ಭಾಗ ಆಚೀಚೆ ಮಾಡಿ ನೋಡಿ. ನಿಮಗೆ ಹಿಡಿಸಿದ ಲೆಕ್ಕವನ್ನು ಡಬ್ಬಿಯ ಮುಚ್ಚಳದ ಮೇಲೆ ಬರೆದಿಡಿ.

ಯಾವ ಕಡೆಯ ತೋಟದ್ದು, ಯಾವತ್ತು ಹುರಿದದ್ದು ಅಂತಲೂ ಕೇಳಿ. ಮಾವನವರ ಕಾಲದಲ್ಲಿ ಮೊದಲನೆಯ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟವಿತ್ತು. ಆಗ ಬೆಳೆಗಾರರು ಬೆಳೆಯನ್ನು ಕೇಂದ್ರ ಸರ್ಕಾರದ ಕಾಫಿ ಬೋರ್ಡಿಗೇ ಒಪ್ಪಿಸಬೇಕಿತ್ತು, ಎಲ್ಲರ ಬೀಜವೂ ಅಲ್ಲಿ ಸೇರುತ್ತಿತ್ತು. 1996ರ ಹೊತ್ತಿಗೆ ಆ ಪದ್ಧತಿ ಪೂರ್ತಿ ನಿಂತಿತು. ಈಗ ನಮ್ಮಂಥ ಅಂಗಡಿಯವರು ಸಕಲೇಶಪುರ, ಬೇಲೂರು, ಆಲೂರು ಕಡೆಯ ತೋಟಗಳಿಂದ ನೇರವಾಗಿ ತರಬಹುದು. ಗಿರಾಕಿ ಕೇಳಿದರೆ ಹೇಳುವುದು ನಮ್ಮ ಕೆಲಸ. ಕೇಳುವವರಿದ್ದರೆ ಅಂಗಡಿಯೂ ಎಚ್ಚರದಿಂದ ಇರುತ್ತದೆ.

ಚಿಕೋರಿ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಇದು ಒಂದು ಗಿಡದ ಬೇರು. ನಮ್ಮ ದೇಶದಲ್ಲಿ ಗುಜರಾತ್ ಮತ್ತು ಉತ್ತರ ಪ್ರದೇಶದ ಕಡೆ ಬೆಳೆಯುತ್ತಾರೆ. ಒಣಗಿಸಿ, ಹುರಿದು, ಪುಡಿ ಮಾಡುತ್ತಾರೆ. ಅದರಲ್ಲಿ ಕೆಫೀನ್ ಇಲ್ಲವೇ ಇಲ್ಲ. ಬಣ್ಣ, ಮಂದ, ಒಂದು ಥರ ಸಿಹಿಗಹಿ ಕೊಡುತ್ತದೆ. "ಕಾಫಿ ಸ್ಟ್ರಾಂಗ್ ಬರ್ಲಿ, ಚಿಕೋರಿ ಜಾಸ್ತಿ ಹಾಕಿ" ಅನ್ನುವವರಿಗೆ ನಾನು ದಿನಾ ಹೇಳುತ್ತೇನೆ, ಅದರಿಂದ ಡಿಕಾಕ್ಷನ್ ಕಪ್ಪಗಾಗುತ್ತದೆ ಅಷ್ಟೇ, ಕಾಫಿ ಜಾಸ್ತಿಯಾಗುವುದಿಲ್ಲ. ನೂರಕ್ಕೆ ಹತ್ತರಿಂದ ಹದಿನೈದು ಭಾಗ ಹಾಕಿದರೆ ರುಚಿಗೆ ಒಂದು ತೂಕ ಬರುತ್ತದೆ, ಅದನ್ನು ನಾನು ತಪ್ಪು ಅನ್ನುವುದಿಲ್ಲ. ಅದಕ್ಕಿಂತ ಮೇಲೆ ಹೋದರೆ ತೋಟದವರು ಒಂದೊಂದೇ ಕೆಂಪು ಹಣ್ಣು ನೋಡಿ ಬಿಡಿಸಿದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. ಪ್ಯಾಕೆಟ್ ಪುಡಿ ಕೊಳ್ಳುವಾಗ ಚಿಕೋರಿ ಎಷ್ಟು ಅಂತ ಅದರ ಮೇಲೆ ಬರೆದಿರುವುದನ್ನು ಓದಿ. ಮಿಶ್ರಣದಲ್ಲಿ ಕಾಫಿ 51 ಭಾಗಕ್ಕಿಂತ ಕಡಿಮೆ ಇರಬಾರದು ಅನ್ನುವುದು ಕಾನೂನು. ಅಂದರೆ 49 ಭಾಗ ಚಿಕೋರಿ ಇದ್ದರೂ ಅದು ಕಾನೂನಿನೊಳಗೇ ಇದೆ! ಬಿಡಿ ಪುಡಿಯಾದರೆ ಒಂದು ಗಾಜಿನ ಲೋಟದಲ್ಲಿ ತಣ್ಣೀರು ಹಿಡಿದು ಮೇಲೆ ಚಿಟಿಕೆ ಪುಡಿ ಉದುರಿಸಿ. ಕಾಫಿ ತೇಲುತ್ತದೆ. ಚಿಕೋರಿ ಕಂದು ಗೆರೆ ಎಳೆಯುತ್ತಾ ಬೇಗ ತಳಕ್ಕೆ ಇಳಿಯುತ್ತದೆ.

ಪುಡಿ ಚಿರೋಟಿ ರವೆಗಿಂತ ಸ್ವಲ್ಪ ನುಣ್ಣಗಿರಲಿ. ಬೆರಳಲ್ಲಿ ಉಜ್ಜಿದರೆ ತರಿ ತಾಗಬೇಕು. ತೀರಾ ನುಣ್ಣಗಾದರೆ ಫಿಲ್ಟರಿನ ತೂತು ಕಟ್ಟುತ್ತದೆ, ತೀರಾ ತರಿಯಾದರೆ ನೀರು ಹಾಗೇ ಸುರಿದುಹೋಗುತ್ತದೆ. ಮನೆಯ ಮಿಕ್ಸಿಯಲ್ಲಿ ಮಾಡಿದರೆ ಒಂದಷ್ಟು ಧೂಳು, ಒಂದಷ್ಟು ನುಚ್ಚು. ಅದರ ಬದಲು ಅಂಗಡಿಯಲ್ಲೇ ಮಾಡಿಸಿ. ಆಸಕ್ತಿಯಿದ್ದರೆ ಕೈಯಲ್ಲಿ ತಿರುಗಿಸುವ ಒಳ್ಳೆಯ ಗ್ರೈಂಡರ್ ಕೊಂಡು ದಿನಾ ಬೇಕಾದಷ್ಟೇ ಮಾಡಿಕೊಳ್ಳಿ. ಅದರಷ್ಟು ಘಮ ಬೇರೆ ಯಾವುದರಲ್ಲೂ ಇಲ್ಲ.

ಇನ್ನು ಫಿಲ್ಟರ್. ನಾಲ್ಕು ಲೋಟಕ್ಕೆ 30 ಗ್ರಾಂ ಪುಡಿ, 200 ಮಿಲಿ ನೀರು. ಚಮಚದ ಲೆಕ್ಕ ಮನೆಯಿಂದ ಮನೆಗೆ ಬೇರೆ, ಒಂದು ಸಲ ತೂಕ ಮಾಡಿ ನಿಮ್ಮ ಚಮಚದಲ್ಲಿ ಎಷ್ಟು ಅಂತ ನೋಡಿಟ್ಟುಕೊಳ್ಳಿ. ಮೇಲಿನ ಪಾತ್ರೆ ಪೂರ್ತಿ ಒಣಗಿರಬೇಕು. ಒದ್ದೆಯಿದ್ದರೆ ಪುಡಿ ತೂತಿಗೆ ಮೆತ್ತಿಕೊಳ್ಳುತ್ತದೆ. ಪುಡಿ ಹಾಕಿ, ಪಾತ್ರೆಯನ್ನು ಪಕ್ಕದಿಂದ ಎರಡು ಸಲ ಮೆಲ್ಲಗೆ ತಟ್ಟಿ ಸಮ ಮಾಡಿ. ಒಳಗಿನ ತಟ್ಟೆಯಿಂದ ಹಗುರವಾಗಿ ಒತ್ತಿ. ಶಕ್ತಿ ಹಾಕಿ ಅದುಮಿದರೆ ನೀರಿಗೆ ದಾರಿ ಇರುವುದಿಲ್ಲ. ಒತ್ತದೇ ಬಿಟ್ಟರೆ ನೀರು ಒಂದು ಕಡೆ ಓಟೆ ಮಾಡಿಕೊಂಡು ಇಳಿದುಬಿಡುತ್ತದೆ, ಉಳಿದ ಪುಡಿ ಸುಮ್ನೆ ಕೂತಿರುತ್ತದೆ.

ನೀರಿನ ಬಿಸಿ 90ರಿಂದ 96 ಡಿಗ್ರಿ ಇದ್ದರೆ ಚೆನ್ನ. ಹಾಸನ, ಬೆಂಗಳೂರು ಎರಡೂ ಸಮುದ್ರ ಮಟ್ಟದಿಂದ 900 ಮೀಟರ್‌ಗಿಂತ ಮೇಲಿವೆ. ಇಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಹಾಗಾಗಿ ನಾವು ಒಲೆ ಆರಿಸಿ, ಗುಳ್ಳೆ ಅಡಗಿದ ಕೂಡಲೇ ಹಾಕಬಹುದು. ಮಂಗಳೂರು, ಉಡುಪಿ ಕಡೆಯವರು ಮುಕ್ಕಾಲು ನಿಮಿಷ ಕಾಯಲಿ, ಅಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಬೋರ್ ನೀರು ಗಡುಸಾಗಿದ್ದರೆ ಎಂಥ ಪುಡಿಗೂ ರುಚಿ ಮಂಕಾಗುತ್ತದೆ. ನಲ್ಲಿಯಲ್ಲಿ ಹೊಳೆ ನೀರು ಬರುತ್ತಿದ್ದರೆ ಕಾಫಿಗೆ ಅದನ್ನೇ ಹಿಡಿದಿಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಮೊದಲ ನೀರು. 200 ಮಿಲಿಯನ್ನೂ ಒಟ್ಟಿಗೆ ಸುರಿಯಬೇಡಿ. ಮೊದಲು ಮೂರು ನಾಲ್ಕು ದೊಡ್ಡ ಚಮಚದಷ್ಟು ನೀರನ್ನು ಸುತ್ತಲೂ ಹಾಕಿ, ಪುಡಿಯೆಲ್ಲ ನೆನೆಯಲಿ. ಅರ್ಧ ನಿಮಿಷ ಬಿಡಿ. ತಾಜಾ ಪುಡಿಯಾದರೆ ಗುಳ್ಳೆ ಬಿಡುತ್ತಾ ಉಬ್ಬುತ್ತದೆ, ಒಳಗಿದ್ದ ಗಾಳಿ ಹೊರಗೆ ಹೋಗುವುದು ಹಾಗೆ. ಉಬ್ಬಲೇ ಇಲ್ಲವೆಂದರೆ ಪುಡಿ ಹಳೆಯದು ಅಂತ ಗೊತ್ತಾಗುತ್ತದೆ, ನಮ್ಮ ಅಂಗಡಿಯದಾದರೂ ಸರಿ, ಬಂದು ಕೇಳಿ. ಗಾಳಿ ಹೋದ ಮೇಲೆ ಉಳಿದ ನೀರನ್ನು ನಿಧಾನಕ್ಕೆ, ಸುತ್ತು ಹಾಕುತ್ತಾ ಸುರಿಯಿರಿ. ಮುಚ್ಚಳ ಮುಚ್ಚಿ. ಇಷ್ಟನ್ನು ಮಾತ್ರ ಬದಲಾಯಿಸಿಕೊಂಡವರೂ "ಅಕ್ಕಾ, ಪುಡಿ ಬೇರೆ ಕೊಟ್ಟಿದ್ರಾ?" ಅಂತ ಕೇಳಿದ್ದಾರೆ.

ಪೂರ್ತಿ ಇಳಿಯಲು 20ರಿಂದ 25 ನಿಮಿಷ ಬೇಕು. ಪುಡಿ ತನ್ನ ತೂಕದ ಎರಡರಷ್ಟು ನೀರು ಹಿಡಿದುಕೊಳ್ಳುತ್ತದೆ, ಆದ್ದರಿಂದ ಕೆಳಗೆ ಸಿಗುವುದು 140 ಮಿಲಿ ಹತ್ತಿರ. ಐದೇ ನಿಮಿಷಕ್ಕೆ ಇಳಿದರೆ ಪುಡಿ ತರಿಯಾಗಿದೆ ಅಥವಾ ಸಾಲದು. ಗಂಟೆಯಾದರೂ ಇಳಿಯದಿದ್ದರೆ ಪುಡಿ ನುಣ್ಣಗಿದೆ, ಇಲ್ಲವೇ ಚಿಕೋರಿ ಜಾಸ್ತಿ, ಇಲ್ಲವೇ ತೂತು ಕಟ್ಟಿದೆ. ಕೆಲವು ಸಲ ಎರಡು ಪಾತ್ರೆ ತೀರಾ ಬಿಗಿಯಾಗಿ ಕೂತು ಕೆಳಗಿನ ಗಾಳಿ ಹೊರಗೆ ಹೋಗಲು ದಾರಿ ಇರುವುದಿಲ್ಲ. ಮೇಲಿನದನ್ನು ಒಂದು ಸಲ ಸ್ವಲ್ಪ ಎತ್ತಿ ಇಟ್ಟರೆ ಮತ್ತೆ ಹನಿಯಲು ಶುರುವಾಗುತ್ತದೆ. ಚಮಚ ಹಾಕಿ ಕಲಕಲು ಮಾತ್ರ ಹೋಗಬೇಡಿ.

ರಾತ್ರಿಯೇ ಹಾಕಿಟ್ಟು ಬೆಳಗ್ಗೆ ಕುಡಿಯುವವರು ಬಹಳ. ಅನುಕೂಲ ನನಗೂ ಅರ್ಥವಾಗುತ್ತದೆ. ಆದರೆ ಆರೇಳು ಗಂಟೆ ಕೂತ ಡಿಕಾಕ್ಷನ್‌ನಲ್ಲಿ ಕಹಿ ಉಳಿಯುತ್ತದೆ, ಘಮ ಉಳಿಯುವುದಿಲ್ಲ. ಎದ್ದ ಕೂಡಲೇ ನೀರು ಕಾಯಿಸಿ ಹಾಕಿ, ಮುಖ ತೊಳೆದು ಅಂಗಳ ಗುಡಿಸಿ ಬರುವಷ್ಟರಲ್ಲಿ ಇಳಿದಿರುತ್ತದೆ. ಫಿಲ್ಟರಿನ ಕೆಳಭಾಗವನ್ನು ಬಿಸಿನೀರಿನ ಬಟ್ಟಲಲ್ಲಿ ಕೂರಿಸಿದರೆ ಡಿಕಾಕ್ಷನ್ ಬಿಸಿಯಾಗಿಯೇ ಇರುತ್ತದೆ. ಅದನ್ನು ಒಲೆಯ ಮೇಲಿಟ್ಟು ಕುದಿಸುವುದಂತೂ ಬೇಡವೇ ಬೇಡ.

ಎರಡನೇ ಸಲ ನೀರು ಹಾಕಿ ಇಳಿಸಿದ್ದನ್ನು ಮೊದಲನೆಯದಕ್ಕೆ ಬೆರೆಸಬೇಡಿ. ಬೀಜದ ಬೆಲೆ ಏರಿರುವ ಈ ದಿನಗಳಲ್ಲಿ ಚರಟ ಎಸೆಯಲು ಮನಸ್ಸು ಬರುವುದಿಲ್ಲ, ನಿಜ. ಆ ಎರಡನೇ ಡಿಕಾಕ್ಷನ್ ಬೇರೆ ಇಟ್ಟುಕೊಂಡು ಮಧ್ಯಾಹ್ನ ಬೆಲ್ಲ ಹಾಕಿ ಹಾಗೇ ಕುಡಿಯಿರಿ.

ಹಾಲು ನೀರು ಬೆರೆಸದ್ದಾಗಿರಲಿ. ನಂದಿನಿ ನೀಲಿ ಪ್ಯಾಕೆಟ್‌ನಲ್ಲಿ ಕೊಬ್ಬು 3 ಭಾಗ, ಶುಭಂನಲ್ಲಿ 4.5. ಕಾಫಿಗೆ ನನ್ನ ಆಯ್ಕೆ ಶುಭಂ. ಹಾಲು ಒಂದು ಸಲ ಉಕ್ಕಿ ಬಂದ ಕೂಡಲೇ ಇಳಿಸಿ. ಮತ್ತೆ ಮತ್ತೆ ಕಾಯಿಸಿದ ಹಾಲಿಗೆ ಒಂದು ಬೆಂದ ವಾಸನೆ ಬರುತ್ತದೆ, ಅದು ಕಾಫಿಯ ಪರಿಮಳವನ್ನು ಮುಚ್ಚಿಹಾಕುತ್ತದೆ. ಲೋಟಕ್ಕೆ ಮೊದಲು ಸಕ್ಕರೆ, ಮೇಲೆ 35 ಮಿಲಿ ಡಿಕಾಕ್ಷನ್, ಆಮೇಲೆ 90ರಿಂದ 100 ಮಿಲಿ ಬಿಸಿ ಹಾಲು. ಲೋಟ ಬಟ್ಟಲಿನ ನಡುವೆ ಎರಡು ಮೂರು ಸಲ ಎತ್ತಿ ಹೊಯ್ಯಿರಿ. ನೊರೆಯೂ ಬರುತ್ತದೆ, ಸಕ್ಕರೆಯೂ ಕರಗುತ್ತದೆ, ಕುಡಿಯುವ ಹದಕ್ಕೂ ಬರುತ್ತದೆ.

ಬೆಲ್ಲ ಬೇಕೆನ್ನುವವರು ಹಾಲಿನ ಜೊತೆ ಕುದಿಸಬೇಡಿ, ಒಡೆಯುತ್ತದೆ. ಒಲೆಯಿಂದ ಇಳಿಸಿ, ಸ್ವಲ್ಪ ಬಿಸಿ ತಗ್ಗಿದ ಮೇಲೆ ಬೆಲ್ಲದ ಪುಡಿ ಸೇರಿಸಿ. ಮಲೆನಾಡಿನ ಮನೆಗಳ ಹಾಗೆ ಹಾಲಿಲ್ಲದ ಬೆಲ್ಲದ ಕಾಫಿಯಾದರೆ ಈ ಚಿಂತೆಯೇ ಇಲ್ಲ. ಅದಕ್ಕೆ ರೋಬಸ್ಟಾ ಸ್ವಲ್ಪ ಜಾಸ್ತಿ ಇದ್ದರೆ ಬೆಲ್ಲದ ಎದುರು ಕಾಫಿ ನಿಲ್ಲುತ್ತದೆ.

ಫಿಲ್ಟರನ್ನು ಆಯಾ ದಿನವೇ ತೊಳೆಯಿರಿ. ಕಾಫಿಯ ಎಣ್ಣೆ ಕಣ್ಣಿಗೆ ಕಾಣದ ಹಾಗೆ ಲೋಹಕ್ಕೆ ಅಂಟಿ ಹಳಸುತ್ತದೆ. ತಿಂಗಳಿಗೊಮ್ಮೆ ಮೇಲಿನ ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿ. ತೂತು ಮುಚ್ಚಿದ್ದರೆ ಅಡಿಗೆ ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಸಿ ಬ್ರಷ್ ಆಡಿಸಿ. ಅದಕ್ಕೂ ಬಿಡದಿದ್ದರೆ, ಸ್ಟೀಲ್ ಫಿಲ್ಟರ್ ಆದರೆ ಮಾತ್ರ, ಇಕ್ಕಳದಲ್ಲಿ ಹಿಡಿದು ತಳವನ್ನು ಗ್ಯಾಸಿನ ಉರಿಗೆ ಸ್ವಲ್ಪ ಹೊತ್ತು ತೋರಿಸಿ. ಕಟ್ಟಿಕೊಂಡ ಪುಡಿ ಸುಟ್ಟು ಉದುರುತ್ತದೆ. ಆರಿದ ಮೇಲೆ ತೊಳೆದು, ಬೋರಲು ಹಾಕಿ ಒಣಗಿಸಿ.